ದೊಡ್ಡಮ್ಮನ ಕಾರಿನ ಕೆಮ್ಮು

ಆ ಸದ್ದನ್ನು ನಾನು ನಿಜವಾಗಿ ಕೇಳಿದ್ದೆನೋ, ಅಥವಾ ಮಾವ ಹೇಳಿ ಹೇಳಿ ನನ್ನ ಕಿವಿಯೊಳಗೆ ಕೂರಿಸಿಬಿಟ್ಟರೋ, ಈಗ ಖಾತ್ರಿಯಾಗಿ ಹೇಳಲಾರೆ. ಬಹಳ ಹಳೆಯ ಕತೆಯೇನಲ್ಲ. ಆದರೂ ನೆನಪು ಮಾಡಿಕೊಳ್ಳಲು ಕೂತರೆ ಪ್ರತಿ ಸಲ ಸದ್ದು ಬೇರೆಯಾಗುತ್ತದೆ. ಒಮ್ಮೆ ಸ್ಟೀಲ್ ತಟ್ಟೆಯ ಮೇಲೆ ಚಮಚ ಗೀರಿದಂತೆ, ಒಮ್ಮೆ ತುಕ್ಕು ಹಿಡಿದ ಗೇಟು ತೆರೆದಂತೆ. ಮಾವನನ್ನು ಕೇಳಿದರೆ ಹಲ್ಲು ಕಚ್ಚಿ, ತುಟಿ ಓರೆ ಮಾಡಿ, ಹಂದಿಮರಿಯ ಬಾಲ ತುಳಿದಂಥ ಒಂದು ಸ್ವರ ತೆಗೆಯುತ್ತಾರೆ. ಕಾರಿನ ಒಡತಿಯಾದ ದೊಡ್ಡಮ್ಮನನ್ನು ಕೇಳಿದರೆ, "ಎಂತ ಸದ್ದು?" ಎಂದು ನನ್ನನ್ನೇ ತಿರುಗಿ ಕೇಳುತ್ತಾಳೆ.

ನಾನು ಹೊನ್ನಾವರದಲ್ಲಿ ಕಾಲೇಜು ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುವವನು. ಧಾರವಾಡದಲ್ಲಿ ಓದಿ ಬಂದ ಮೇಲೆ ಯಾರು ಏನೇ ಹೇಳಲಿ, "ಪುರಾವೆ ಎಲ್ಲಿ?" ಎಂದು ಕೇಳುವ ಚಟ ಅಂಟಿತು. ಸತ್ಯನಾರಾಯಣ ಕತೆಯ ನಡುವೆ, ಆ ಸಾಹುಕಾರನ ಹಡಗು ಮುಳುಗಿದ್ದು ಯಾವ ಬಂದರಿನಲ್ಲಿ ಎಂದು ಕೇಳಿ ಭಟ್ಟರಿಂದ ಬೈಸಿಕೊಂಡಿದ್ದೇನೆ. ಮನೆಮಂದಿ ನನಗಿಟ್ಟ ಹೆಸರು ಪುರಾವೆ ಮಾಸ್ತರ. ಹೀಗಾಗಿ ಕಾರಿನ ಬ್ರೇಕಿನಲ್ಲಿ ಸದ್ದಿದೆಯೋ ಇಲ್ಲವೋ ಎಂಬ ವ್ಯಾಜ್ಯ ನನ್ನ ಬಳಿಯೇ ಬಂತು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಕುಮಟೆಯವಳು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಿಯಾದವಳು. ದೊಡ್ಡಪ್ಪ ಕೊಂಡಿದ್ದ ಸಣ್ಣ ಕಾರನ್ನು ಅವರು ತೀರಿಕೊಂಡ ಮೇಲೆ ತಾನೇ ಕಲಿತು ಓಡಿಸುತ್ತಿದ್ದಳು. ಮೊಣಕಾಲು ಕೆಟ್ಟಿತ್ತು, ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಆದರೆ ಕಾರಿನಲ್ಲಿ ಕೂತಳೆಂದರೆ ಭಟ್ಕಳದ ಮದುವೆ, ಹೊನ್ನಾವರದ ಬಾಣಂತಿ, ಯಾರದೋ ಸಕ್ಕರೆ ಕಾಯಿಲೆ, ಎಲ್ಲವೂ ಅವಳ ಕೈಯಳತೆಯಲ್ಲಿರುತ್ತಿದ್ದವು.

ಮಾವ ಅವಳ ತಮ್ಮ. ಭಟ್ಕಳದ ಹತ್ತಿರ ಬೆಳಕೆಯಲ್ಲಿ ಮನೆ. ಬಸ್ಸಿನ ಡ್ರೈವರಾಗಿದ್ದು ನಿವೃತ್ತರಾದವರು. ಬಸ್ಸು ಓಡಿಸದವರು ಓಡಿಸುವುದೆಲ್ಲ ಮಕ್ಕಳಾಟ ಎಂಬುದು ಅವರ ಸಿದ್ಧಾಂತ. ಅಕ್ಕ ಒಮ್ಮೆ ಬೆಳಕೆಗೆ ಹೋದಾಗ ಅವರು ಸದ್ದು ಕೇಳಿದರಂತೆ. ಅಂದೇ ನನಗೆ ಫೋನು.

"ತಮಾ, ನಿನ್ನ ದೊಡ್ಡಮ್ಮನ ಕಾರು ಹೋತು ಅಂತ ತಿಳ್ಕ. ದೇವಸ್ಥಾನದ ಎದ್ರಿಗೆ ಬ್ರೇಕ್ ಹಾಕಿದ್ಳು, ಗಂಟೆ ಹೊಡೀತಿದ್ದವ ಹಗ್ಗ ಬಿಟ್ಟು ಹೊರಗೆ ಬಂದ."

"ಗಂಟೆ ಹೊಡೆಯುವಾಗ ಬ್ರೇಕಿನ ಸದ್ದು ಅವನಿಗೆ ಕೇಳಿದ್ದು ಹೇಗೆ ಮಾವ?"

"ಹಾಂ, ಶುರುವಾತು ನಿಂದು! ನೀನು ಒಂದ್ಸಲ ಹೋಗಿ ನೋಡು. ಖರೇ ಸದ್ದಿದ್ರೆ ಕೀಲಿ ನಾ ಇಟ್ಕಂತೆ. ಈ ವಯಸ್ಸಿನಲ್ಲಿ ಹೈವೇ ಮೇಲೆ ಅವಳು ಸಾಯೂದು ಬೇಡ, ಮತ್ತೊಬ್ರನ್ನ ಕೊಲ್ಲೂದೂ ಬೇಡ."

ಅದು ತಮಾಷೆಯ ಮಾತಾಗಿರಲಿಲ್ಲ. ಕೀಲಿ ಹೋದರೆ ದೊಡ್ಡಮ್ಮನ ಲೋಕ ಮನೆಯ ಜಗುಲಿಯಷ್ಟಾಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಅವಳಿಗಂತೂ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಹಾಗಾಗಿ ಭಾನುವಾರ ನಾನು ಕುಮಟೆಗೆ ಹೋದಾಗ ರೋಗಿಯನ್ನು ನೋಡಲು ಬಂದ ಹೊಸ ಡಾಕ್ಟರನ್ನು ಹಳೆಯ ನರ್ಸ್ ನೋಡುವ ಹಾಗೆ ನನ್ನನ್ನು ನೋಡಿದಳು.

"ಕೆಮ್ಮಿದವ್ರೆಲ್ಲ ಸಾಯೂದಿಲ್ಲ ಮಗಾ," ಎಂದಳು. "ಬೆಳಿಗ್ಗೆ ಎದ್ದ ಕೂಡ್ಲೆ ಎಲ್ರಿಗೂ ಒಂಚೂರು ಕೆಮ್ಮು ಬತ್ತದೆ. ಬಿಸಿಲೇರಿದ್ರೆ ಹೋಗ್ತದೆ."

ಈ ಮಾತಿನಲ್ಲಿ ಸತ್ಯವಿರಬಹುದೆಂದು ನನಗೂ ಅನ್ನಿಸಿತು. ನಮ್ಮ ಕಡಲ ಗಾಳಿಗೆ ರಾತ್ರಿ ಬೆಳಗಾಗುವುದರೊಳಗೆ ಬ್ರೇಕಿನ ಡಿಸ್ಕಿನ ಮೇಲೆ ತುಕ್ಕು ಕೂರುತ್ತದೆ. ಮೊದಮೊದಲ ಬ್ರೇಕಿಗೆ ಗರಗರ ಅಂದು ಆಮೇಲೆ ತಾನಾಗಿ ಸುಮ್ಮನಾಗುತ್ತದೆ. ಪರೀಕ್ಷೆ ಮಾಡಿದರೆ ಗೊತ್ತಾಗುವ ವಿಷಯ. ಅವಳ ಪಕ್ಕದಲ್ಲಿ ಕೂತು ಹೊರಟೆ. ಕಿಟಕಿ ಇಳಿಸಿದೆ. ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಹೋದರೆ ಸದ್ದು ಗೋಡೆಗೆ ತಾಗಿ ವಾಪಸು ಬರುತ್ತದೆ, ಯಾವ ಬದಿಯ ಚಕ್ರವೆಂದು ತಿಳಿಯುತ್ತದೆ ಎಂದು ವಿವರಿಸಿದೆ.

ತೊಂದರೆಯೆಂದರೆ ದೊಡ್ಡಮ್ಮ ಬ್ರೇಕನ್ನೇ ಹಾಕುತ್ತಿರಲಿಲ್ಲ. ದೂರದಲ್ಲಿ ಎಮ್ಮೆ ಕಂಡರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರು ಇಳಿಸಿ, ಎಮ್ಮೆ ದಾಟುವವರೆಗೆ ತೇಲಿಸಿಕೊಂಡು ಹೋಗುತ್ತಿದ್ದಳು. ಒತ್ತಾಯ ಮಾಡಿದಾಗ ಬ್ರೇಕಿಗೆ ಕಾಲಿಟ್ಟಳು, ಆದರೆ ಸರಿಯಾಗಿ ಅದೇ ಗಳಿಗೆಗೆ ಕೆಮ್ಮಿದಳು. ಎರಡನೆಯ ಸಲ ಹಾರ್ನ್ ಹೊಡೆದಳು. ಮೂರನೆಯ ಸಲ, "ಅಯ್ಯೋ, ಗ್ಯಾಸ್ ಆರಿಸಿದ್ನಾ?" ಎಂದು ಕೂಗಿದಳು.

"ದೊಡ್ಡಮ್ಮ, ನೀನು ಬೇಕಂತಲೇ ಮಾಡ್ತಿದ್ದೀಯಾ."

"ಪುರಾವೆ ಎಲ್ಲದೆ?" ಎಂದಳು.

ಒಳಗೆ ಕೂತು ಪ್ರಯೋಜನವಿಲ್ಲವೆಂದು ನಾನು ಇಳಿದುಬಿಟ್ಟೆ. ಅವಳು ನಿಧಾನವಾಗಿ ಓಡಿಸುವುದು, ಆಗಾಗ ಬ್ರೇಕ್ ಮುಟ್ಟುವುದು, ನಾನು ಎಡಗಡೆ ಮುಂದಿನ ಚಕ್ರಕ್ಕೆ ಕಿವಿ ಕೊಟ್ಟು ಬಗ್ಗಿಕೊಂಡು ಪಕ್ಕದಲ್ಲಿ ಓಡುವುದು, ಇದು ಯೋಜನೆ. ವೈಜ್ಞಾನಿಕವಾಗಿ ಅದರಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಕುಮಟೆಯ ಆ ಓಣಿಯಲ್ಲಿ ಭಾನುವಾರ ಬೆಳಿಗ್ಗೆ ಮೀನು, ಹಾಲು, ಪೇಪರು ಎಂದು ಜನ ಹೊರಗಿದ್ದರು. ದೊಡ್ಡಮ್ಮನಿಂದ ಇಂಜೆಕ್ಷನ್ ಹಾಕಿಸಿಕೊಂಡಿದ್ದ ಹಿರಿಯರೊಬ್ಬರು ಗೇಟಿನ ಬಳಿ ನಿಂತಿದ್ದರು.

"ಎಂತ ಸಿಸ್ಟರ್, ಅವ್ರನ್ನ ಹತ್ಸ್ಕಳೂದಿಲ್ವ?" ಎಂದು ಕೇಳಿದರು.

"ಇಲ್ಲ, ಡಾಕ್ಟ್ರು ಅವಂಗೆ ಓಡೂಕೆ ಹೇಳೀರು," ಎಂದು ದೊಡ್ಡಮ್ಮ ಕಾರು ಮುಂದೆ ಬಿಟ್ಟಳು.

ನಾನು ಓಡಿದೆ. ಸದ್ದು ಕೇಳಿತು ಎಂದೇ ನನ್ನ ನೆನಪು: ಸಣ್ಣ, ಉದ್ದ, ಚೂಪಾದ ಕೀರಲು, ಮುಂದಿನ ಚಕ್ರದ ಕಡೆಯಿಂದ. ಏದುಸಿರಿನಲ್ಲಿ ನನ್ನ ಎದೆಯೇ ಕೀರಿತೇನೋ ಎಂಬ ಅನುಮಾನವನ್ನು ದೊಡ್ಡಮ್ಮ ಕೂಡಲೇ ಎತ್ತಿದಳು. ಅದನ್ನು ತಳ್ಳಿಹಾಕಲು ಇವತ್ತಿಗೂ ನನ್ನ ಬಳಿ ಆಧಾರವಿಲ್ಲ.

ಆಧಾರಕ್ಕಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅದನ್ನು ಕುಮಟೆಯ ಒಬ್ಬ ಮೆಕ್ಯಾನಿಕ್‌ಗೂ, ಮಾವನಿಗೆ ಗುರುತಿದ್ದ ಭಟ್ಕಳದ ಒಬ್ಬ ಮೆಕ್ಯಾನಿಕ್‌ಗೂ ಕಳಿಸಿದೆ. ಕುಮಟೆಯವನು, ಧೂಳು ಕೂತಿದೆ, ನೀರು ಹೊಡೆದರೆ ಆಯಿತು ಎಂದ. ಭಟ್ಕಳದವನು ಗಂಭೀರವಾಗಿ ಎರಡು ಸಲ ಕೇಳಿಸಿಕೊಂಡು ವಾಪಸು ಫೋನು ಮಾಡಿದ.

"ಸರ್, ಇದ್ರಲ್ಲಿ ಒಬ್ರು ಅಮ್ಮ ಬೈತಾ ಇದಾರೆ. ಆ ಸೌಂಡ್ ಚೆನ್ನಾಗಿ ಬಂದಿದೆ."

"ಅದರ ಹಿಂದೆ ಕೇಳಪ್ಪ. ಕೀರಲು ಇದೆಯಲ್ಲ?"

"ಹಾಂ ಹಾಂ. ಅದು ಬೇರಿಂಗ್. ಹಂಡ್ರೆಡ್ ಪರ್ಸೆಂಟ್. ಗಾಡಿ ತನ್ನಿ."

ಎರಡು ಊರು, ಎರಡು ರೋಗ. ಮಾವನಿಗೆ ಅಷ್ಟೇ ಸಾಕಾಯಿತು. ಮುಂದಿನ ಭಾನುವಾರ ದೊಡ್ಡಮ್ಮ ಕಾರು ತೆಗೆದುಕೊಂಡು ಹೊನ್ನಾವರದ ನನ್ನ ಮನೆಗೆ ಬರಬೇಕು, ತಾನು ಬಸ್ಸಿನಲ್ಲಿ ಅಲ್ಲಿಗೆ ಬರುತ್ತೇನೆ, ಮೂವರೂ ಭಟ್ಕಳದ ಗ್ಯಾರೇಜಿಗೆ ಹೋಗೋಣ, ದಾರಿಯಲ್ಲಿ ಸದ್ದು ಬಂದರೆ ಕೀಲಿ ತನ್ನದು ಎಂದು ಫರ್ಮಾನು ಹೊರಡಿಸಿದರು.

ಆಶ್ಚರ್ಯವೆಂದರೆ ದೊಡ್ಡಮ್ಮ ಒಪ್ಪಿಕೊಂಡಳು. "ಆತು. ಸದ್ದು ಬರದೇ ಇದ್ರೆ?" ಎಂದಷ್ಟೇ ಕೇಳಿದಳು.

"ಬರದೇ ಇದ್ರೆ ಮತ್ತೆ ಕಾರಿನ ವಿಷಯ ನಾ ಎತ್ತೂದಿಲ್ಲ."

ಶನಿವಾರ ಸಂಜೆಯೇ ಅವಳು ನಮ್ಮಲ್ಲಿಗೆ ಬಂದಳು. ಬೆಳಿಗ್ಗೆ ಮಾವ ಬಂದು ದೋಸೆ ತಿನ್ನುತ್ತಿದ್ದಾಗ ಅವಳು ಅಂಗಳದಲ್ಲಿ ಕಾರಿನ ಸುತ್ತ ಓಡಾಡುತ್ತಿದ್ದದ್ದು ನನಗೆ ಕಂಡಿತ್ತು. ಮುಂದಿನ ಚಕ್ರದ ಬಳಿ ಮಣೆ ಹಾಕಿಕೊಂಡು ಕೂತಿದ್ದಳು. ದೂರ ಹೊರಡುವ ಮುಂಚೆ ಚಕ್ರಕ್ಕೆ ಲಿಂಬೆಹಣ್ಣು ಇಡುತ್ತಿರಬೇಕು ಎಂದುಕೊಂಡೆ. ನಾನು ನಂಬದ ವಿಷಯಗಳ ಹತ್ತಿರ ಹೋಗಿ ನೋಡುವ ಅಭ್ಯಾಸ ನನಗಿಲ್ಲ.

ಹೊರಟೆವು. ಅವಳು ಸ್ಟಿಯರಿಂಗಿನಲ್ಲಿ, ಮಾವ ಪಕ್ಕದಲ್ಲಿ, ನಾನು ಹಿಂದಿನ ಸೀಟಿನ ನಟ್ಟನಡುವೆ, ಇಬ್ಬರ ಭುಜದ ನಡುವೆ ತಲೆ ತೂರಿಸಿಕೊಂಡು. ಶರಾವತಿ ಸೇತುವೆ ದಾಟುವವರೆಗೆ ಬ್ರೇಕಿನ ಅಗತ್ಯ ಬೀಳಲಿಲ್ಲ. ನಡುವೆ ಒಮ್ಮೆ ಮಾವನ ಒತ್ತಾಯಕ್ಕೆ ಅವಳು ಮೆಲ್ಲಗೆ ಒತ್ತಿದಳು. ಕಾರೊಳಗೆ ಪೂರ್ತಿ ಮೌನ. ಹಂದಿಮರಿಯೂ ಇಲ್ಲ, ಗೇಟೂ ಇಲ್ಲ.

"ಎಲ್ಲಿ ತಮಾ ನಿನ್ನ ಸದ್ದು?" ಎಂದು ದೊಡ್ಡಮ್ಮ ತಮ್ಮನನ್ನು ಕೇಳಿದಳು.

"ಗಾಡಿ ನಿಧಾನ ಆಗ್ಲೇ ಇಲ್ವಲ್ಲ," ಎಂದು ಮಾವ ಗೊಣಗಿದರು. ಸೋತವರ ಮಾತೆಂದು ನಾನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಗೆದ್ದ ಹುರುಪಿನಲ್ಲಿ ಅವಳಿಗೆ ಸೇತುವೆಯಾಚೆಯ ನಮ್ಮ ಕಾಸರಕೋಡಿನ ಒಣ ಸಿಗಡಿ ನೆನಪಾಯಿತು. ಗ್ಯಾರೇಜಿನ ಕೆಲಸ ಮುಗಿಸಿ ಮಾವನ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ಹೈವೇ ಬಿಟ್ಟು ಕಡಲ ಕಡೆಗೆ ಇಳಿಯುವ ಸಣ್ಣ ರಸ್ತೆಗೆ ತಿರುಗಿಸಿದಳು. ಮಳೆ ಮುಗಿದು ಬಿಸಿಲು ಗಟ್ಟಿಯಾದ ದಿನಗಳು. ರಸ್ತೆ ಕೆಳಗೆ ಮುಗಿಯುವಲ್ಲಿ ಮರಳು ಶುರು, ಮರಳಿನ ಮೇಲೆ ಬಲೆ ಹಾಸಿ ಹೆಂಗಸರು ಮೀನು ಒಣಗಿಸಿದ್ದರು. ಅವಳು ಬ್ರೇಕ್ ಒತ್ತಿದಳು.

ಕಾರು ಹೋಗುತ್ತಲೇ ಇತ್ತು. ಓಡುತ್ತಿತ್ತು ಎನ್ನುವಂತಿಲ್ಲ, ಮದುವೆ ಊಟ ಮುಗಿಸಿದವರು ನಡೆಯುವ ಹಾಗೆ ಆರಾಮವಾಗಿ, ಯಾರ ಮಾತೂ ಕೇಳದೆ ಇಳಿಯುತ್ತಿತ್ತು. ಅವಳು ಇನ್ನೂ ಗಟ್ಟಿಯಾಗಿ ಒತ್ತಿದಳು. ಮಾವ, ಎದುರಿಗೆ ಇಲ್ಲದ ಬ್ರೇಕನ್ನು ತಾವೂ ಒತ್ತಿದರು. ಮೀನಿನ ಬಲೆ ದೊಡ್ಡದಾಗುತ್ತ ಬಂತು.

"ಅಕ್ಕಾ! ಬ್ರೇಕು!"

"ಹಾಕೀನೋ ಮಾರಾಯಾ!"

ಇಲ್ಲಿಂದ ಮುಂದಿನದೇ ನನ್ನ ತೊಂದರೆ. ಗೇರು ಇಳಿಯಿತು, ಎಂಜಿನ್ ಅರಚಿತು, ಹ್ಯಾಂಡ್‌ಬ್ರೇಕ್ ಮೇಲೆದ್ದಿತು, ಕಾರು ಮುಗ್ಗರಿಸಿ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದದ್ದು ನಾನು ಎಂದೇ ನನ್ನ ನೆನಪು. ಅದರ ಹಿಡಿ ಅಂಗೈಗೆ ತಾಗಿದ್ದು ಈಗಲೂ ಗೊತ್ತಾಗುತ್ತದೆ. ಆದರೆ ಆ ಹಿಡಿಯನ್ನು ಬೇರೆ ದಿನಗಳಲ್ಲಿ ಎಷ್ಟೋ ಸಲ ಹಿಡಿದಿದ್ದೇನೆ. ಆ ಸ್ಪರ್ಶ ಯಾವ ದಿನದ್ದೋ, ಯಾರಿಗೆ ಗೊತ್ತು. ದೊಡ್ಡಮ್ಮ ತಾನೇ ಎಳೆದೆ ಎನ್ನುತ್ತಾಳೆ. ಮಾವನ ಪ್ರಕಾರ ಯಾರು ಎಳೆದರೂ ಒಂದೇ, ನಿಲ್ಲಿಸಿದ್ದು ಮರಳು.

ಮೀನಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡ ಹೆಂಗಸೊಬ್ಬಳು ಮಾವನ ಕಿಟಕಿಗೆ ಬಗ್ಗಿದಳು. ಮೀನಿಗೆ ಏನೂ ಆಗಿರಲಿಲ್ಲ. ಹಾಗಾಗಿ ಅವಳಿಗೆ ತಮಾಷೆ ಮಾಡಲು ಬಿಡುವಿತ್ತು.

"ಮೀನು ಬೇಕಿದ್ರೆ ಇಳ್ದು ಬಂದು ಕೇಳಿ. ಕಾರು ಒಣಗ್ಸೂಕೆ ಇಲ್ಲಿ ಜಾಗ ಇಲ್ಲ."

ಮಾವ ಇಳಿದು ಮುಂದಿನ ಚಕ್ರದ ಬಳಿ ಬಗ್ಗಿ ಮೂಸಿದರು. ಮತ್ತೆ ಮೂಸಿದರು. ಆಮೇಲೆ ಚಕ್ರದ ತೂತಿನೊಳಗೆ ಬೆರಳು ಹಾಕಿ ತೆಗೆದು, ಆ ಬೆರಳನ್ನು ಸಾಕ್ಷಿಯಂತೆ ಮೇಲೆತ್ತಿ ಹಿಡಿದು ಕೇಳಿದರು.

"ಅಕ್ಕಾ, ಎಂತ ಇದು?"

"ತೆಂಗಿನೆಣ್ಣೆ," ಎಂದಳು ದೊಡ್ಡಮ್ಮ. "ಮನೇಲೆ ತೆಗ್ದಿದ್ದು."

ಗೇಟು ಕಿರುಗುಟ್ಟಿದರೆ ತೆಂಗಿನೆಣ್ಣೆ, ಬಾವಿಯ ಗಾಲಿಗೆ ತೆಂಗಿನೆಣ್ಣೆ, ಹೊಲಿಗೆ ಯಂತ್ರಕ್ಕೆ, ಉಯ್ಯಾಲೆಯ ಕೊಂಡಿಗೆ, ಮಕ್ಕಳ ನೆತ್ತಿಗೆ, ಸುಟ್ಟ ಗಾಯಕ್ಕೆ, ತೆಂಗಿನೆಣ್ಣೆ. ನಮ್ಮ ಕರಾವಳಿಯ ಯಾವ ಮನೆಯಲ್ಲೂ ಸದ್ದಿಗೆ ಬೇರೆ ಮದ್ದು ನಾನು ಕಂಡಿಲ್ಲ. ಅವಳು ಸೂಜಿಯಿಲ್ಲದ ಸಿರಿಂಜಿನಲ್ಲಿ ಎಣ್ಣೆ ತುಂಬಿ, ಚಕ್ರದ ತೂತುಗಳೊಳಗಿಂದ ಗುರಿಯಿಟ್ಟು ಡಿಸ್ಕಿಗೇ ಚಿಮ್ಮಿಸಿದ್ದಳು. ನರ್ಸಿನ ಕೈ, ಒಂದು ಹನಿಯೂ ಆಚೆ ಬಿದ್ದಿರಲಿಲ್ಲ. ಕಾಲಿನ ಬ್ರೇಕಿನ ಹೆಚ್ಚಿನ ಬಲವೆಲ್ಲ ಮುಂದಿನ ಚಕ್ರಗಳದ್ದೇ; ಎಣ್ಣೆ ತಾಗದ ಹಿಂದಿನವನ್ನು ಗಟ್ಟಿಯಾಗಿ ಹಿಡಿಯುವುದು ಹ್ಯಾಂಡ್‌ಬ್ರೇಕ್.

"ಮುಂದಿನ ಚಕ್ರ ಅಂತ ನೀನೇ ಹೇಳಿದ್ದಲ್ದಾ ಮಗಾ? ಒಂದಕ್ಕೇ ಹಾಕಿದ್ರೆ ಇನ್ನೊಂದಕ್ಕೆ ಬೇಜಾರು. ಎರಡಕ್ಕೂ ಹಾಕ್ದೆ. ಸದ್ದು ಹೋತೋ ಇಲ್ಲೋ?"

ಸದ್ದು ಹೋಗಿತ್ತು. ತರ್ಕದ ಪ್ರಕಾರ ಪಂದ್ಯ ಅವಳೇ ಗೆದ್ದಿದ್ದಳು. ಒಂದೇ ಚಕ್ರಕ್ಕೆ ಹಾಕಿದ್ದರೆ ಕಾರು ಒಂದು ಬದಿಗೆ ಎಳೆದು ಚರಂಡಿ ಸೇರುತ್ತಿತ್ತೆಂದೂ, ಅವಳ ಪಕ್ಷಪಾತವಿಲ್ಲದ ಗುಣವೇ ನಮ್ಮನ್ನು ನೇರ ದಾರಿಯಲ್ಲಿ ಇಟ್ಟಿತೆಂದೂ ನಾನು ವಿವರಿಸಲು ಹೋದೆ. ಮಾವ ನನ್ನ ಮುಖ ನೋಡಿದ ರೀತಿಗೆ ವಾಕ್ಯ ಅರ್ಧಕ್ಕೆ ನಿಂತಿತು. ಅವರು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು.

ಭಟ್ಕಳದಿಂದ ಮೆಕ್ಯಾನಿಕ್ ಬಂದು ಕಾರನ್ನು ಕಟ್ಟಿ ಎಳೆಸಿಕೊಂಡು ಹೋದ. ನಾವು ಅವನ ಗ್ಯಾರೇಜಿಗೆ ಹೋದ ದಿನ ಅವನು ಎಣ್ಣೆ ಕುಡಿದ ಬ್ರೇಕ್ ಪ್ಯಾಡುಗಳನ್ನು ಆಗಲೇ ಬಿಚ್ಚಿ, ಹೊಸದನ್ನು ಹಾಕಿ, ಡಿಸ್ಕು ತೊಳೆದಾಗಿತ್ತು.

"ಇದಕ್ಕೆ ಒಗ್ಗರಣೆ ಹಾಕಿದ್ದು ಯಾರು ಸರ್?" ಎಂದು ಕೇಳಿದ.

"ಹಳೇ ಪ್ಯಾಡು ಎಲ್ಲಿ? ಸವೆದಿತ್ತಾ? ಸದ್ದಿಗೆ ಕಾರಣ ಅದೇನಾ?"

"ಗುಜರಿಗೆ ಹೋಯ್ತು ಸರ್. ಪ್ಯಾಡೇ ಇರ್ಬೇಕು. ನಾನು ಮೊದಲೇ ಹೇಳಿದ್ದೆನಲ್ಲ."

"ನೀನು ಹೇಳಿದ್ದು ಬೇರಿಂಗ್."

"ಅದು ಫೋನಲ್ಲಿ ಸರ್. ಫೋನಲ್ಲಿ ಎಲ್ಲ ಬೇರಿಂಗ್ ಥರಾನೇ ಕೇಳ್ತದೆ."

ಹೀಗೆ ಮೂಲ ಸದ್ದಿನ ಕಾರಣ ಗುಜರಿ ಪಾಲಾಯಿತು. ಸವೆದ ಪ್ಯಾಡಿನ ತಗಡು ಡಿಸ್ಕಿಗೆ ತಾಗಿತ್ತೇ, ತುಕ್ಕೇ, ನಡುವೆ ಸಿಕ್ಕಿದ ಸಣ್ಣ ಕಲ್ಲೇ? ಪ್ಯಾಡು ಬದಲಿಸಿದ ಮೇಲೆ ಸದ್ದು ಬರಲಿಲ್ಲವೆಂಬುದು ನಿಜ. ಆದರೆ ಪ್ಯಾಡಿನ ಜೊತೆಗೆ ತೊಳೆದದ್ದು, ಬಿಚ್ಚಿದ್ದು, ಒರೆಸಿದ್ದು ಎಲ್ಲವೂ ಆಗಿತ್ತು. ಎಲ್ಲ ಮದ್ದನ್ನೂ ಒಟ್ಟಿಗೆ ಕೊಟ್ಟರೆ ಯಾವುದರಿಂದ ಗುಣವಾಯಿತೆಂದು ಹೇಳುವವರಾರು?

ಸದ್ದಿನ ಮಾತು ಅಲ್ಲಿಗೆ ಮುಗಿಯಿತು. ಕೀಲಿಯ ಮಾತು ಮುಗಿದಿರಲಿಲ್ಲ. ಬೆಳಕೆಯ ಮನೆಯ ಜಗುಲಿಯಲ್ಲಿ ದೊಡ್ಡಮ್ಮ ತಮ್ಮನ ಎದುರು ಕೂತಳು. ಅವಳ ದನಿಯಲ್ಲಿ ಎಂದಿನ ಆಟ ಇರಲಿಲ್ಲ.

"ಎಣ್ಣೆ ಹಾಕಿದ್ದು ನನ್ನ ದಡ್ಡತನ. ಒಪ್ದೆ. ಆದ್ರೆ ಗಾಡಿ ನಿಲ್ಸಿದ್ದೂ ನಾನೇ. ಹೆದ್ರಿ ಕಣ್ಣು ಮುಚ್ಲಿಲ್ಲ, ಕೈ ನಡುಗ್ಲಿಲ್ಲ. ಅದನ್ನೂ ಲೆಕ್ಕಕ್ಕೆ ತಗ."

"ನೀನು ನಿಲ್ಸಿದ್ದಲ್ಲ ಅಕ್ಕಾ, ಮರಳು ನಿಲ್ಸಿದ್ದು. ಹ್ಯಾಂಡ್‌ಬ್ರೇಕ್ ಇರೂದು ನಿಂತ ಗಾಡಿ ನಿಂತಲ್ಲೇ ಇರೂಕೆ. ಆ ಇಳಿಜಾರಿನಲ್ಲಿ ಓಡೂ ಗಾಡಿ ಅದ್ರಿಂದ ನಿಲ್ಲೂದಿಲ್ಲ. ಬಸ್ಸು ಓಡ್ಸಿದವ ಹೇಳ್ತಿದ್ದೇನೆ."

"ಗಾಡಿ ಡಾಂಬರಿನ ಮೇಲಿತ್ತು."

"ಮರಳಲ್ಲಿತ್ತು!"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಯೋಚಿಸಿದೆ. ಕಡಲ ಗಾಳಿಗೆ ಆ ರಸ್ತೆಯ ಕೊನೆಯಲ್ಲಿ ಡಾಂಬರಿನ ಮೇಲೂ ತೆಳ್ಳಗೆ ಮರಳು ಹರಡಿರುತ್ತದೆ. ಕಾರಿನ ಕೆಳಗೆ ಮರಳು ನೋಡಿದ್ದು ನಿಜ. ಅದರ ಕೆಳಗೆ ಏನಿತ್ತೆಂದು ನೋಡಿರಲಿಲ್ಲ.

"ನನಗೆ ಗೊತ್ತಿಲ್ಲ," ಎಂದೆ.

"ಇಷ್ಟು ಓದಿ!" ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಆ ದಿನ ಅಕ್ಕ ತಮ್ಮ ಒಪ್ಪಿಕೊಂಡ ಒಂದೇ ಮಾತು ಅದು.

ಆದರೆ ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೊಳ್ಳಬಹುದಲ್ಲ. ಹ್ಯಾಂಡ್‌ಬ್ರೇಕಿನಿಂದ ಅಲ್ಲಿ ಕಾರು ನಿಲ್ಲುತ್ತದೆಯೋ ಇಲ್ಲವೋ ಎಂಬುದು ಯಾರ ನೆನಪಿಗೂ ಸೇರಿದ ವಿಷಯವಲ್ಲ, ಹೋಗಿ ನೋಡಿದರಾಯಿತು ಎಂದೆ. ನಿಂತರೆ ಕೀಲಿ ಅಕ್ಕನಿಗೇ ಎಂದು ಮಾವ ಒಪ್ಪಿದರು. ತಮ್ಮ ಸಿದ್ಧಾಂತದ ಮೇಲೆ ಅವರಿಗೆ ಅಷ್ಟು ಭರವಸೆ.

ಮತ್ತೊಂದು ಭಾನುವಾರ ಬೆಳಿಗ್ಗೆ ಕಾಸರಕೋಡಿಗೆ ಹೋದೆವು. ಕಾರನ್ನು ಮೇಲೆಯೇ ನಿಲ್ಲಿಸಿ ನಾನು ಇಳಿದು, ಅದೇ ಮೀನಿನ ಹೆಂಗಸಿನ ಹತ್ತಿರ ಹಿಡಿಕಸಬರಿಗೆ ಕೇಳಿದೆ. ರಸ್ತೆಯ ಕೊನೆಯನ್ನು ಡಾಂಬರಿನ ಅಂಚು ಕರ್ರಗೆ ಕಾಣುವ ತನಕ ಗುಡಿಸಿದೆ. ಅವಳು ಬಲೆಗಳನ್ನು ಸ್ವಲ್ಪ ಹಿಂದಕ್ಕೆ ಎಳೆಸಿ, ತನ್ನ ಜೊತೆಯವರನ್ನು ಕರೆದು ಸಾಲಾಗಿ ನಿಲ್ಲಿಸಿದಳು.

"ಮಾಸ್ತರ್ ಹೊಸ ಕೆಲಸ ಹಿಡ್ದೀರು, ನೋಡ್ರೇ. ನಮ್ಮ ಅಂಗಳಕ್ಕೂ ಬತ್ರಾ?"

ಹಿಂದಿನ ಸೀಟಿನಲ್ಲಿ ಕೂತು ಮುಂದಕ್ಕೆ ಬಗ್ಗಿದೆ. ಈ ಸಲ ನನ್ನ ಎರಡೂ ಕೈ ನನ್ನ ತಲೆಯ ಮೇಲಿರಬೇಕೆಂದು ದೊಡ್ಡಮ್ಮನ ಅಪ್ಪಣೆ. ಮಾವ ಕೈ ಕಟ್ಟಿ ಕೂತರು. ದೊಡ್ಡಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡಳು.

"ಕಾಲು ಎಲ್ಲದೆ ಅಂತ ಸರಿಯಾಗಿ ನೋಡ್ಕ ತಮಾ. ಆಮೇಲೆ ಬ್ರೇಕ್ ಒತ್ತಿದ್ಳು ಅನ್ಬೇಡ."

ಕಾರು ಇಳಿಯತೊಡಗಿತು. ಮೊದಲ ಸಲದ ವೇಗವೇ ಇತ್ತೆಂದು ನಾನು ಹೇಳಲಾರೆ. ಹೆಚ್ಚೇ ಇತ್ತು ಎಂದು ಕೂಗಿದ್ದು ಮಾವ. ದೊಡ್ಡಮ್ಮ ಎರಡೂ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು ಹ್ಯಾಂಡ್‌ಬ್ರೇಕ್ ಎತ್ತಿದಳು. ಹಿಂದಿನ ಚಕ್ರಗಳು ಉಜ್ಜಿದವು, ಕಾರು ಕುಲುಕಿ ಎಂಜಿನ್ ಆಫ್ ಆಯಿತು. ಹೆಂಗಸರು ಹೋ ಎಂದರು. ನಾನು ಇಳಿದು ನೋಡಿದೆ. ಒಂದು ಸಲದ್ದು ಆಕಸ್ಮಿಕವಿರಬಹುದೆಂದು ಮತ್ತೊಮ್ಮೆ ಮೇಲಿಂದ ಇಳಿಸಿ ನೋಡಿದೆ. ಮೂರನೆಯದಕ್ಕೆ ದೊಡ್ಡಮ್ಮ ಒಪ್ಪಲಿಲ್ಲ, ಸಿಗಡಿ ಖಾಲಿಯಾಗುತ್ತದೆ ಎಂದಳು. ಮಾವ ಸಿಗಡಿಯ ಪೊಟ್ಟಣ ಹಿಡಿದು, ಬಸ್ಸಿಗೆ ಹೋಗುತ್ತೇನೆಂದು ಹೈವೇ ಕಡೆ ಹತ್ತಿದರು. ಕೀಲಿ ಕಾರಿನಲ್ಲೇ ಇತ್ತು, ಅವರು ಅದನ್ನು ಕೇಳಲಿಲ್ಲ.

ಮೊದಲ ದಿನ ಆ ಹಿಡಿಯನ್ನು ಎಳೆದದ್ದು ಯಾರ ಕೈ ಎಂಬುದು ಇದರಿಂದ ಸಾಬೀತಾಗುವುದಿಲ್ಲ. ಸಾಬೀತಾದದ್ದು ಇಷ್ಟು: ಆ ಇಳಿಜಾರಿನಲ್ಲಿ, ಬ್ರೇಕಿನ ಮೇಲೆ ಕಾಲಿಲ್ಲದೆ, ಬರೀ ಹ್ಯಾಂಡ್‌ಬ್ರೇಕಿನಿಂದ ಆ ಕಾರು ನಿಲ್ಲುತ್ತದೆ. ಎರಡು ಸಲವೂ ನಾಲ್ಕೂ ಚಕ್ರ ಡಾಂಬರಿನ ಮೇಲಿದ್ದವು.